ಸರ್ಚು ರೂಮು

ಅಪ್ಪನಿಗೆ ಸುಳ್ಳು ಹೇಳಿ ಫೋನಿಟ್ಟ ಮೇಲೂ ಇಂದ್ರಾಣಿಯ ಬಲಗೈಯಲ್ಲಿ ಇಡ್ಲಿಯ ತುಂಡು ಹಾಗೇ ಇತ್ತು. ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಎದುರಿಗೆ ನಿಂತಿದ್ದ ಮಾರಿಕುಪ್ಪಂ ಗಾಡಿಯನ್ನು ನೋಡುತ್ತ, ಆ ತುಂಡನ್ನು ಬಾಯಿಗಿಡಲೋ ಪೊಟ್ಟಣಕ್ಕೇ ವಾಪಸು ಹಾಕಲೋ ಎಂದು ತಿಳಿಯದೆ ಹಿಡಿದುಕೊಂಡಿದ್ದಳು. ‘ಫಂಕ್ಷನ್ನು ಇವತ್ತಲ್ಲಪ್ಪ, ಮುಂದಿನ ಸೋಮವಾರಕ್ಕೆ ಹಾಕಿದಾರೆ’ ಎಂದಿದ್ದಳು. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅಪ್ಪ ಯಾವಾಗಿನಂತೆ ಮುದ್ದಿನಿಂದ ಕಣ್ಣು ಎಂದೇ ಕರೆದು, ‘ಅಂಗಾ? ಸರಿ ಕಣ್ಣು. ಅಂಗಿ ಇಸ್ತ್ರಿ ಮಾಡ್ಸಿಬುಟ್ಟಿದ್ದೆ. ಓಗ್ಲಿ ಬಿಡು, ಮಡಚಿ ಇಡ್ತೀನಿ’ ಎಂದಿದ್ದ. ಏನಾದರೂ ಎದುರು ಕೇಳಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅಂಗಿ ಮಡಚಿ ಇಡುತ್ತೇನೆ ಅನ್ನುವ ಮನುಷ್ಯನ ಜೊತೆ ಯಾರು ಜಗಳವಾಡುತ್ತಾರೆ? ಎಪ್ಪತ್ತೇಳು ವರ್ಷದ ಕುಪ್ಪುಸ್ವಾಮಿಗೆ ಮಗಳು ಕೆಲಸ ಮಾಡುವ ಮ್ಯೂಸಿಯಂ ನೋಡಬೇಕೆಂದು ಎರಡು ವರ್ಷದಿಂದ ಆಸೆ. ಇರುವುದೇನು, ಮಾರಿಕುಪ್ಪಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಎರಡು ವರ್ಷವೂ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿದ್ದಳು. ಮೊದಮೊದಲಿನವು ಸುಮ್ಮನೆ ಸೋಮಾರಿತನದ ನೆಪಗಳು. ಇವತ್ತಿನದು ಹಾಗಲ್ಲ, ಇವತ್ತಿನದು ಪಕ್ಕಾ ಸುಳ್ಳು. ಗಾಡಿ ಕೂಗಿತು. ಇಡ್ಲಿಯನ್ನು ನಾಯಿಗೆ ಹಾಕಿ, ಕೈಯನ್ನು ಸೀರೆಗೇ ಒರೆಸಿಕೊಂಡು ಹತ್ತಿದಳು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಆದರೆ ಹೊರಗೆ ನೋಡಲಿಲ್ಲ. ಮೊಬೈಲು ತೆಗೆದು ಮ್ಯೂಸಿಯಂನ ಆಪ್ ತೆರೆದಳು. ಹೊಸ ಆಪು, ಇವತ್ತು ಅದರ ಮೊದಲ ದಿನ. ಚಿನ್ನದ ಗಣಿ ಮುಚ್ಚಿ ಇಪ್ಪತ್ತಕ್ಕೂ ಹೆಚ್ಚು ವರ್ಷವಾದ ಮೇಲೆ, ಮೈಸೂರು ಮೈನ್ಸ್ ಕಡೆಯ ಒಂದು ಹಳೇ ಕಟ್ಟಡಕ್ಕೆ ಸುಣ್ಣ ಬಳಿದು, ಬೆಂಗಳೂರಿನ ಒಂದು ಟ್ರಸ್ಟಿನವರು ಡ್ರಿಲ್ಲು, ಹೆಲ್ಮೆಟ್ಟು, ಕಾರ್ಬೈಡ್ ದೀಪ, ಕಾರ್ಮಿಕರ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಎಲ್ಲವನ್ನೂ ಗಾಜಿನ ಹಿಂದೆ ಜೋಡಿಸಿಟ್ಟಿದ್ದರು. ಮಕ್ಕಳು ಬರುತ್ತಿದ್ದರು, ಆಕಳಿಸುತ್ತಿದ್ದರು, ಟಾಯ್ಲೆಟ್ ಎಲ್ಲಿದೆ ಎಂದು ಕೇಳಿ ಹೋಗುತ್ತಿದ್ದರು. ಅದಕ್ಕೇ ಈ ಆಪು. ಗೋಡೆಯ ಮೇಲಿನ ಚೌಕದ ಗುರುತಿಗೆ ಫೋನು ಹಿಡಿದರೆ ಡ್ರಿಲ್ಲು ಗುಡುಗುತ್ತದೆ, ಪಂಜರದ ಲಿಫ್ಟು ಕತ್ತಲಿಗೆ ಇಳಿಯುತ್ತದೆ. ಮೂರನೇ ಕೋಣೆಯಲ್ಲಿ ಹಿಡಿದರೆ ಒಬ್ಬ ಕಾರ್ಮಿಕ ಬಂದು ಕೈ ಎತ್ತಿ ನಿಲ್ಲುತ್ತಾನೆ. ಅವನ ಮೈಮೇಲೆ ಬೆರಳಾಡಿಸಿ, ಅರವತ್ತು ಸೆಕೆಂಡಿನೊಳಗೆ ಅವನು ಬಚ್ಚಿಟ್ಟಿರುವ ಚಿನ್ನದ ಚೂರನ್ನು ಹುಡುಕಬೇಕು. ಸಿಕ್ಕಿದರೆ ಸಂಗೀತ, ಮೂರು ನಕ್ಷತ್ರ, ‘ಅಭಿನಂದನೆಗಳು!’. ಆ ಕಾರ್ಮಿಕ ಅವಳ ಅಪ್ಪ.

ಅಪ್ಪನೇ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನಿರುದ್ಧ ಹೇಳಿದ್ದ. ಆಪು ಮಾಡಿದ ಹುಡುಗ ಅವನು, ಗಣಿಯ ಮನೆಯವನಲ್ಲ, ಪಕ್ಕದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು, ಕೆಟ್ಟವನಲ್ಲ. ‘ಮೇಡಂ, ಮುಖ ಸ್ವಲ್ಪ ಬದಲಾಯಿಸಿದ್ದೀನಿ, ಮೀಸೆ ಕಪ್ಪು ಮಾಡಿದ್ದೀನಿ, ನಲವತ್ತು ವರ್ಷ ಚಿಕ್ಕವರಾಗಿಬಿಟ್ಟಿದ್ದಾರೆ ನೋಡಿ’ ಎಂದು ನಕ್ಕಿದ್ದ. ಮೀಸೆ ಕಪ್ಪು ಮಾಡಿದ್ದ, ಸರಿ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಇಳಿದಿರುವುದನ್ನು ಏನು ಮಾಡಿದ್ದ? ಏನೂ ಮಾಡಿರಲಿಲ್ಲ. ಫೆಬ್ರವರಿಯಲ್ಲಿ ಫೋಟೋ ತೆಗೆಯಲು ಲೈನ್ ಮನೆಗೆ ಹೋದ ದಿನ ಅಪ್ಪ ಸಲೂನಿಗೆ ಹೋಗಿ ಮುಖ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಬನಿಯನ್ ಬಿಚ್ಚಿ ನಿಂತಲ್ಲೇ ಸ್ವಲ್ಪಸ್ವಲ್ಪವೇ ತಿರುಗಬೇಕು ಎಂದಾಗ ಮಗಳ ಕಡೆ ನೋಡಿ, ‘ಯಾತಕ್ಕೆ ಕಣ್ಣು?’ ಎಂದು ಒಂದೇ ಒಂದು ಸಲ ಕೇಳಿದ್ದ. ‘ಮಕ್ಕಳಿಗೆ ತೋರಿಸೋಕಪ್ಪ, ಗಣಿಯೋರು ಹೆಂಗಿದ್ರು ಅಂತ’ ಎಂದಿದ್ದಳು. ಅದು ಸುಳ್ಳಲ್ಲವಲ್ಲ ಎಂದು ಆಮೇಲೆ ಎಷ್ಟು ಸಲ ಮನಸ್ಸಿನಲ್ಲೇ ವಾದ ಮಾಡಿದ್ದಳೋ. ‘ಎಲ್ಮೆಟ್ಟು ಆಕ್ಕೊಳ್ಳಾ?’ ಎಂದಿದ್ದ ಅಪ್ಪ, ಉತ್ಸಾಹದಿಂದ. ಬೇಡ ಎಂದಿದ್ದಳು. ನಲವತ್ತು ಫೋಟೋ. ಪ್ರತಿ ಫೋಟೋಗೂ ಅಪ್ಪ ಉಸಿರು ಬಿಗಿಹಿಡಿದು ಕೆಮ್ಮನ್ನು ತಡೆದುಕೊಂಡಿದ್ದ.

ಕೋರಮಂಡಲ್ ದಾಟುವಾಗ, ಚಿನ್ನ ತೆಗೆದುಕೊಂಡು ಸುರಿದ ಮಣ್ಣಿನ ಸೈನೈಡ್ ದಿಬ್ಬ ಕಿಟಕಿಯಲ್ಲಿ ಬಂದು ನಿಂತಿತು, ಬೂದು ಬಣ್ಣದ್ದು, ಹುಲ್ಲೂ ಹುಟ್ಟದ್ದು. ಎದುರು ಸೀಟಿನ ಹೆಂಗಸು ಬೇತಮಂಗಲದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ್ದಕ್ಕೆ ಇಂದ್ರಾಣಿ ಏನೋ ಹೇಳಿದಳು. ತಪ್ಪು ಮಾಡಿದ್ದು ಅನಿರುದ್ಧ ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದಳು, ಆಗಿರಲಿಲ್ಲ. ಆ ಆಟವನ್ನು ಕೊಟ್ಟವಳು ಅವಳೇ. ಟ್ರಸ್ಟಿನ ಮೀಟಿಂಗು, ಉದ್ದನೆಯ ಮೇಜು, ಬಿಸ್ಕತ್ತು. ಎರಡು ಗಂಟೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕೊನೆಗೆ ಕಲ್ಪನ ಮೇಡಂ, ಟ್ರಸ್ಟಿನ ದೊಡ್ಡವರು, ಕನ್ನಡಕ ತೆಗೆದು, ‘ಇಂದ್ರಾಣಿ, ನೀವು ಇಲ್ಲಿಯವರೇ ಅಲ್ವಾ, ಏನಾದ್ರೂ ಮಜವಾಗಿರೋದು ಹೇಳಿ, ಯಂಗ್‌ಸ್ಟರ್ಸ್‌ಗೆ ಹಿಡಿಸೋ ಥರದ್ದು’ ಎಂದರು. ಮಜವಾಗಿರೋದು! ಅವಳು ಎದ್ದು ನಿಂತು ಸರ್ಚಿನ ಆಟ ಆಡಿ ತೋರಿಸಿದ್ದಳು. ಶಿಫ್ಟು ಮುಗಿಸಿ ಮೇಲೆ ಬಂದವರನ್ನು ಗೇಟಿನ ಸರ್ಚು ರೂಮಿನಲ್ಲಿ ಹೇಗೆ ಬಟ್ಟೆ ಬಿಚ್ಚಿಸಿ ನಿಲ್ಲಿಸುತ್ತಿದ್ದರು, ‘ಎತ್ತು ಕೈ! ತೆಗಿ ಬಾಯಿ! ಎತ್ತು ಕಾಲು!’ ಎಂದು ಕಾವಲಿನವನು ಹೇಗೆ ಕೂಗುತ್ತಿದ್ದ, ಇವರು ಹೇಗೆ ಒಂಟಿಕಾಲಲ್ಲಿ ವಾಲಾಡುತ್ತಿದ್ದರು. ಕೈ ಎತ್ತಿ, ಬಾಯಿ ತೆರೆದು, ಚಪ್ಪಲಿ ಕಳಚಿ ಕಾಲೆತ್ತಿ, ಇಡೀ ಮೇಜಿನ ಎದುರು ನಿಂತಿದ್ದಳು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಕಲ್ಪನ ಮೇಡಂ ಕಣ್ಣೊರೆಸಿಕೊಂಡರು, ನಕ್ಕು ನಕ್ಕು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅವರೆಲ್ಲ ಅವಳ ಮುಖವನ್ನು ನೋಡಿದ್ದರು, ಅದು ಅವಳಿಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಈಗ ನೆನೆಸಿಕೊಂಡರೆ ಮೈಯೆಲ್ಲ ಹಿಡಿಯಾಗುತ್ತದೆ.

ಆದರೆ ಅವಳ ಮಟ್ಟಿಗೆ ಅದು ನಿಜವಾಗಿಯೂ ಆಟವೇ ಆಗಿತ್ತಲ್ಲ. ಲೈನಿನ ಗಂಡಸರೆಲ್ಲ ಟೀ ಅಂಗಡಿಯಲ್ಲಿ ಸರ್ಚಿನ ಕಥೆ ಹೇಳಿಕೊಂಡು ಬಿದ್ದುಬಿದ್ದು ನಗುತ್ತಿದ್ದರು. ಮನೆಯಲ್ಲಂತೂ ಅದು ದಿನಾ ಸಾಯಂಕಾಲದ ಹಬ್ಬ. ಅಪ್ಪ ಶಿಫ್ಟು ಮುಗಿಸಿ ಬಂದು ಹೊಸಿಲಾಚೆ ನಿಲ್ಲುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಆರು ವರ್ಷದ ಇಂದ್ರಾಣಿ ಸೊಂಟದ ಮೇಲೆ ಕೈಯಿಟ್ಟು ‘ಎತ್ತು ಕೈ!’ ಎನ್ನುತ್ತಿದ್ದಳು. ಅಪ್ಪ ಎತ್ತುತ್ತಿದ್ದ. ತಲೆಗೆ ಸುತ್ತಿದ ಟವೆಲಿನಲ್ಲೋ, ಮಡಿಸಿದ ತೋಳಿನಲ್ಲೋ ಪೆಪ್ಪರ್ಮೆಂಟು ಇರುತ್ತಿತ್ತು. ಹುಡುಕಿ ಬಾಯಿಗೆ ಹಾಕಿಕೊಂಡು, ಕಾವಲಿನವನ ಹಾಗೆ ಗಂಟಲು ದಪ್ಪ ಮಾಡಿ ‘ಓಗು!’ ಎನ್ನಬೇಕು. ಅವಳು ‘ಓಗು’ ಅನ್ನುವವರೆಗೆ ಅಪ್ಪ ಕೈ ಇಳಿಸುತ್ತಿರಲಿಲ್ಲ. ಅದೇ ಆಟದ ಸೊಗಸು. ಬೇಕೆಂದೇ ತಡ ಮಾಡುತ್ತಿದ್ದಳು, ಅಪ್ಪ ತೋಳು ನಡುಗುವವರೆಗೂ ನಿಂತಿರುತ್ತಿದ್ದ. ಒಂದು ಸಲ ಹಾಗೆ ತಡ ಮಾಡಿದಾಗ ಅಮ್ಮ ಒಳಗಿನಿಂದ ಬಂದು ಅವಳ ಕೆನ್ನೆಗೆ ಬಾರಿಸಿದಳು. ಅಮ್ಮ ಮಕ್ಕಳಿಗೆ ಕೈ ಮಾಡುವವಳೇ ಅಲ್ಲ. ಅಪ್ಪ, ‘ಮಗ ಆಟ ಆಡ್ತದೆ, ಬಿಡೇ’ ಎಂದ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಲೆಯ ಮುಂದೆ ಕೂತುಬಿಟ್ಟಳು. ಯಾಕೆ ಹೊಡೆದಳು ಎಂದು ಇಂದ್ರಾಣಿಗೆ ತಿಳಿಯಲೇ ಇಲ್ಲ. ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅಮ್ಮ ಇರಲಿಲ್ಲ.

ಮ್ಯೂಸಿಯಂ ಬಾಗಿಲು ತೆಗೆಯುವ ಮುಂಚೆಯೇ ಕ್ಯಾಸಂಬಳ್ಳಿಯ ಹೈಸ್ಕೂಲಿನ ಮಕ್ಕಳು ಬಂದು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದರು. ಟ್ರಸ್ಟಿನವರು ಕೊಟ್ಟ ಹನ್ನೆರಡು ಫೋನುಗಳನ್ನು ಇಂದ್ರಾಣಿ ಹಂಚಿದಳು. ಮೊದಲ ಕೋಣೆಯಲ್ಲಿ ಮಕ್ಕಳು ‘ಓ’ ಎಂದರು, ಎರಡನೆಯದರಲ್ಲಿ ಕಿರುಚಿದರು, ಮೂರನೆಯದರಿಂದ ಹೊರಗೆ ಬರಲೇ ಒಪ್ಪಲಿಲ್ಲ. ‘ಕಂಕುಳಲ್ಲಿ ನೋಡ್ಲಾ!’ ‘ಏ, ಬಾಯಾಗೆ ಇಲ್ಲ ಕಣ್ಲಾ, ಕಾಲ್ಬೆರಳ ಸಂದೀಲಿ!’ ಭಾರ್ಗವಿ ಎಂಬ ಎರಡು ಜಡೆಯ ಹುಡುಗಿ ಎಲ್ಲರಿಗಿಂತ ಮೊದಲು ಹುಡುಕಿದಳು. ಸಂಗೀತ ಮೊಳಗಿತು. ‘ಮಿಸ್ಸೂ, ಸಿಕ್ತು! ಕಳ್ಳ ಸಿಕ್ಕಾಕ್ಕೊಂಡ!’ ಎಂದು ಫೋನನ್ನು ತಂದು ಇಂದ್ರಾಣಿಯ ಮುಖಕ್ಕೇ ಹಿಡಿದಳು. ಕಪ್ಪು ಮೀಸೆಯ ಅಪ್ಪ, ಇಳಿದ ಎಡಭುಜದ ಅಪ್ಪ, ಕಾಲ್ಬೆರಳ ನಡುವೆ ಮಿನುಗುವ ಚೂರು. ‘ಗುಡ್’ ಎಂದಳು ಇಂದ್ರಾಣಿ. ಗುಡ್! ಥೂ. ಅಪ್ಪ ಮೂವತ್ತೈದು ವರ್ಷ ಗಣಿಯಲ್ಲಿದ್ದ, ಉಗುರಿನ ಸಂದಿಯ ಧೂಳನ್ನೂ ಅಲ್ಲೇ ಉಜ್ಜಿ ತೊಳೆದು ಬರುತ್ತಿದ್ದ. ಇದನ್ನು ಅವಳು ಅನಿರುದ್ಧನಿಗೆ ಹೇಳಿಯೂ ಇದ್ದಳು, ಮೆಲ್ಲಗೆ. ಅವನು, ‘ಆದ್ರೆ ಮೇಡಂ, ಏನೂ ಸಿಗಲ್ಲ ಅಂದ್ರೆ ಗೇಮ್ ಆಗಲ್ವಲ್ಲ’ ಎಂದಿದ್ದ. ಹೌದಲ್ವಾ ಎಂದಿದ್ದಳು ಇವಳು.

ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಪ್ರತಿ ಕೋಣೆಯ ಹೆಸರಿನ ಮುಂದೆ ಒಂದು ಹಸಿರು ಗುಂಡಿ. ಒತ್ತಿದರೆ ಬೂದಾಗುತ್ತದೆ, ಆ ಕೋಣೆಯ ಆಟ ನಿಲ್ಲುತ್ತದೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿದರೆ ಯಾರೂ ಮರುಮಾತಾಡುವುದಿಲ್ಲ. ಬೆರಳು ಗುಂಡಿಯ ಮೇಲಕ್ಕೆ ಹೋದ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು. ಕಲ್ಪನ ಮೇಡಂ. ‘ನೋಡಿ, ಮಕ್ಕಳು ಹೆಂಗೆ ಮುತ್ತಿಕೊಂಡಿದ್ದಾರೆ! ಇದನ್ನ ಜಿಲ್ಲೆಯ ಎಲ್ಲಾ ಸ್ಕೂಲಿಗೂ ಕೊಡೋಣ. ನೀವು ಇನ್ನೂ ಎರಡು ವರ್ಷ ನಮ್ಮ ಜೊತೆ ಇರಬೇಕಪ್ಪ. ಈ ಸರ್ಚ್ ಐಡಿಯಾ ಅವತ್ತು ನೀವೇ ಕೊಟ್ಟಿದ್ದಲ್ವಾ?’ ಅದು ಐಡಿಯಾ ಅಲ್ಲ ಎನ್ನಬಹುದಿತ್ತು. ಅದು ನಮ್ಮಪ್ಪ ಎನ್ನಬಹುದಿತ್ತು. ‘ಹೌದು ಮೇಡಂ’ ಎಂದಳು, ನಾಚಿಕೊಂಡವಳ ಹಾಗೆ ತಲೆ ಬೇರೆ ತಗ್ಗಿಸಿದಳು. ಗುಂಡಿ ಹಸಿರಾಗೇ ಉಳಿಯಿತು. ಪರವಾಗಿಲ್ಲ, ಅಪ್ಪ ಇವತ್ತು ಬರುವುದಿಲ್ಲವಲ್ಲ. ನಾಳೆ ಏನಾದರೂ ಮಾಡೋಣ, ಅನಿರುದ್ಧನಿಗೆ ಹೇಳಿ ಭುಜ ಸರಿಮಾಡಿಸೋಣ. ಭುಜ ಸರಿಮಾಡಿಸೋಣ ಎಂದುಕೊಂಡದ್ದಕ್ಕೆ ಮತ್ತೆ ತನ್ನ ಮೇಲೇ ಅಸಹ್ಯವಾಯಿತು.

ಆಗ ಕದಿರಮ್ಮ ಬಂದಳು. ಮ್ಯೂಸಿಯಂ ಗುಡಿಸಿ ಒರೆಸುವವಳು, ಅಪ್ಪನ ಲೈನಿನಲ್ಲೇ ನಾಲ್ಕು ಮನೆ ಆಚೆಗಿರುವವಳು. ‘ಅಮ್ಮಯ್ಯ, ನಿಮ್ಮಪ್ಪ ಫೋನ್ ಮಾಡಿದ್ರು, ಫಂಕ್ಷನ್ನು ಮುಂದಿನ ವಾರ ಅಂತೆ ಅಲ್ವಾ ಅಂತ. ಇಲ್ಲ ಕಣಣ್ಣ, ಇವತ್ತೇ, ಮಕ್ಕಳು ಬಂದವ್ರೆ, ನಿನ್ ಮಗಳು ಮರ್ತಿರ್ಬೇಕು ಅಂತ ನಾನೇ ಏಳ್ದೆ. ಆಟೋದಾಗೆ ಬತ್ತಾವ್ರೆ.’ ಇಂದ್ರಾಣಿಯ ಮುಖ ನೋಡಿ, ‘ಯಾಕಮ್ಮ, ತಪ್ಪಾಯ್ತಾ?’ ಎಂದಳು.

ಅಪ್ಪ ಬಂದೇಬಿಟ್ಟಿದ್ದ. ಬಾಗಿಲಾಚೆ ಚಪ್ಪಲಿ ಬಿಟ್ಟು, ಬಿಳಿ ಅಂಗಿಯ ಇಸ್ತ್ರಿಯ ಗೆರೆ ಕೆಡದ ಹಾಗೆ ಕೈ ಸ್ವಲ್ಪ ದೂರವಿಟ್ಟುಕೊಂಡು, ಹೊಸಿಲಾಚೆಯೇ ನಿಂತಿದ್ದ. ‘ಬಾಪ್ಪ, ಚಪ್ಪಲಿ ಆಕ್ಕೊಂಡೇ ಬಾ’ ಎಂದು ಓಡಿ ಹೋದಳು. ‘ಬ್ಯಾಡ ಕಣ್ಣು. ನೀನು ಮರ್ತಿದ್ಯಂತೆ, ಕದಿರಮ್ಮ ಏಳಿದ್ಲು’ ಎಂದ. ಅವಳ ಕಣ್ಣನ್ನು ನೋಡದೆ ಹೇಳಿದ. ಸುಳ್ಳು ಗೊತ್ತಾಗಿತ್ತು, ಅದನ್ನು ಮರೆವು ಎಂದು ತಾನೇ ತಿದ್ದಿಕೊಟ್ಟಿದ್ದ. ಅವಳು ಅವನ ಮೊಣಕೈ ಹಿಡಿದು ಡ್ರಿಲ್ಲಿನ ಹತ್ತಿರಕ್ಕೆ ಕರೆದುಕೊಂಡು ಹೋದಳು, ಬೇಕೆಂದೇ ಒಂದೊಂದನ್ನೂ ನಿಧಾನಕ್ಕೆ ತೋರಿಸಿದಳು. ಅಪ್ಪ ಗಾಜಿಗೆ ಮೂಗು ತಾಗಿಸಿ ನೋಡಿದ. ‘ಇದು ನಮ್ ಕಡೇದಲ್ಲ, ಇದಕ್ಕಿಂತ ದೊಡ್ದು ನಮ್ದು’ ಎಂದ. ಹಿತ್ತಾಳೆ ಬಿಲ್ಲೆಗಳ ಮುಂದೆ ಬಹಳ ಹೊತ್ತು ನಿಂತು ತನ್ನ ನಂಬರು ಹುಡುಕಿದ. ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ಟಿತ್ತು. ಈಗ ಒತ್ತಬಹುದು, ಈಗ, ಎಂದುಕೊಳ್ಳುತ್ತಲೇ ಇದ್ದಳು. ಕಲ್ಪನ ಮೇಡಂ ಮೂರನೇ ಕೋಣೆಯ ಬಾಗಿಲಲ್ಲಿ ನಿಂತು ಮಕ್ಕಳ ವೀಡಿಯೋ ಮಾಡುತ್ತಿದ್ದರು. ಅವರ ಕಣ್ಣೆದುರೇ ಆಟ ನಿಂತುಹೋದರೆ? ಇನ್ನೆರಡು ನಿಮಿಷ, ಈ ಗುಂಪು ಮುಗಿಯಲಿ. ಅಪ್ಪನನ್ನು ಕೂರಿಸಿ ಟೀ ತರಿಸಿದರಾಯಿತು.

‘ತಾತ!’ ಎಂದು ಕೂಗಿದವಳು ಭಾರ್ಗವಿ. ಫೋನನ್ನೊಮ್ಮೆ, ಅಪ್ಪನ ಭುಜವನ್ನೊಮ್ಮೆ ನೋಡುತ್ತ ಓಡಿ ಬಂದಳು. ‘ತಾತ, ನೀವು ಫೋನಾಗಿದ್ದೀರ! ಮಿಸ್ಸೂ, ಇವ್ರೇ ಅಲ್ವಾ? ನೋಡಿ ಬೇಕಾರೆ, ಭುಜ ನೋಡಿ!’ ಮಕ್ಕಳೆಲ್ಲ ಸುತ್ತುವರಿದರು. ‘ಇಲ್ಲಮ್ಮ, ಅವರಲ್ಲ’ ಎಂದಳು ಇಂದ್ರಾಣಿ, ಅಪ್ಪನ ಮುಖದೆದುರೇ. ಅಪ್ಪ ಫೋನನ್ನು ಈಸಿಕೊಂಡು, ಕಣ್ಣಿಂದ ಒಂದು ಮೊಳ ದೂರ ಹಿಡಿದು ನೋಡಿದ. ‘ನಾನೇ’ ಎಂದ, ಸಂತೋಷದಿಂದಲೇ. ‘ಮೀಸೆ ಕಪ್ಪು ಮಾಡವ್ರೆ. ಆ ಕಡೆ ಈ ಕಡೆ ತಿರುಗ್ಸಿ ಫೋಟೋ ತಗ್ದಿದ್ರಲ್ಲ, ಅದಾ ಕಣ್ಣು ಇದು?’ ಹುಡುಗಿ ಅವನ ಕೈಯಲ್ಲಿದ್ದಂತೆಯೇ ಫೋನಿನ ಮೇಲೆ ಬೆರಳಾಡಿಸಿ ತೋರಿಸಿದಳು: ಇಲ್ಲಿ ಹುಡುಕ್ಬೇಕು ತಾತ, ಇಲ್ಲಿ, ಇಲ್ಲಿ, ಹಾಂ, ನೋಡಿ, ಇಲ್ಲಿ ಬಚ್ಚಿಟ್ಟಿದ್ದೀರ. ಸಂಗೀತ. ಮೂರು ನಕ್ಷತ್ರ. ಅಪ್ಪ ತನ್ನ ಕಾಲ್ಬೆರಳ ನಡುವಿನ ಚಿನ್ನವನ್ನು ನೋಡಿದ. ಮುಖದಲ್ಲಿದ್ದ ನಗು ಹಾಗೇ ಇತ್ತು, ಎಲ್ಲಿ ಇಡಬೇಕು ಎಂದು ತಿಳಿಯದೆ ಇಟ್ಟುಕೊಂಡ ಹಾಗೆ.

‘ನಾನು ತಕ್ಕೊಂಡಿಲ್ಲಮ್ಮ’ ಎಂದ, ಹದಿನಾಲ್ಕು ವರ್ಷದ ಆ ಹುಡುಗಿಗೆ.

‘ಅಯ್ಯೋ, ಇದು ಗೇಮು ತಾತ’ ಎಂದಳು ಅವಳು.

‘ಗೇಮೇ ಆಗ್ಲಿ. ನಾನು ಯಾವತ್ತೂ ತಕ್ಕೊಂಡಿಲ್ಲ. ಬೇಕಾದ್ರೆ ನೋಡ್ಕೊ.’ ಫೋನನ್ನು ಅವಳ ಕೈಗೆ ಕೊಟ್ಟು ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಎರಡೂ ಕೈ ಮೇಲಕ್ಕೆತ್ತಿದ. ಇಸ್ತ್ರಿಯ ಅಂಗಿ ಹೊಟ್ಟೆಯಿಂದ ಮೇಲಕ್ಕೆ ಬಂತು. ‘ಅಪ್ಪಾ’ ಎಂದಳು ಇಂದ್ರಾಣಿ. ಅವನಿಗೆ ಕೇಳಿಸಲಿಲ್ಲ, ಅಥವಾ ಸರ್ಚಿನಲ್ಲಿ ನಿಂತವನು ಯಾರ ಕಡೆಗೂ ತಿರುಗಬಾರದೇನೋ. ಎದುರು ಗೋಡೆಯನ್ನೇ ನೋಡುತ್ತ ಬಾಯಿ ತೆರೆದ, ನಾಲಿಗೆ ಎತ್ತಿ ಕೆಳಗೂ ಏನಿಲ್ಲವೆಂದು ತೋರಿಸಿದ, ಒಂದು ದವಡೆ, ಇನ್ನೊಂದು ದವಡೆ. ಯಾವುದನ್ನೂ ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಬಲಗಾಲೆತ್ತಿದ. ವಾಲಿದ. ಬೀಳುತ್ತೇನೆ ಅನ್ನಿಸಿರಬೇಕು, ಒಂದು ಕೈ ಕೆಳಗಿಳಿಸಿ ತಡಕಿದ, ಸಿಕ್ಕಿದ್ದು ಮಗಳ ಭುಜ. ‘ಇಡ್ಕೊ’ ಎಂದ. ಹಿಡಿದುಕೊಂಡಳು. ಅಪ್ಪನ ಭಾರ ಇಷ್ಟೇನಾ? ಅವನು ಬೆರಳುಗಳನ್ನು ಅಗಲಿಸಿ ಅಂಗಾಲನ್ನು ಹುಡುಗಿಯ ಕಡೆಗೆ ತಿರುಗಿಸಿದ, ಇಳಿಸಿದ, ಎಡಗಾಲೆತ್ತಿದ. ಒಬ್ಬ ಹುಡುಗ ಕಿಸಕ್ಕೆಂದು ಅಲ್ಲಿಗೇ ನಿಲ್ಲಿಸಿದ. ಭಾರ್ಗವಿ ಫೋನನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡು, ‘ಸಾಕು ತಾತ, ಸಾಕು’ ಎನ್ನುತ್ತಿದ್ದಳು, ಅಳುವ ಹಾಗಿದ್ದಳು. ಬಾಗಿಲಲ್ಲಿ ಕಲ್ಪನ ಮೇಡಂನ ಫೋನು ಇತ್ತ ತಿರುಗಿತ್ತು.

ಎಡಗಾಲೂ ನೆಲಕ್ಕೆ ಬಂದ ಮೇಲೆ ಅಪ್ಪ ಮಗಳ ಭುಜದಿಂದ ಕೈ ತೆಗೆದು ಮತ್ತೆ ಎತ್ತಿದ. ಎರಡೂ ಕೈ ಎತ್ತಿ ನಿಂತ. ಮುಗಿಯಿತಲ್ಲ, ಇಳಿಸಲಿ ಎಂದು ಎಲ್ಲರೂ ಕಾದರು. ಇಳಿಸಲಿಲ್ಲ. ತೋಳು ನಡುಗತೊಡಗಿತು. ಯಾಕೆ ಇಳಿಸುತ್ತಿಲ್ಲ ಎಂಬುದು ಆ ಇಡೀ ಕಟ್ಟಡದಲ್ಲಿ ಇಂದ್ರಾಣಿ ಒಬ್ಬಳಿಗೇ ಗೊತ್ತಿತ್ತು. ಅಮ್ಮ ಒಲೆಯ ಮುಂದೆ ಸೆರಗು ಕಚ್ಚಿಕೊಂಡು ಕೂತದ್ದು ಯಾಕೆಂದೂ ಈಗ ಗೊತ್ತಾಯಿತು. ಈ ಮನುಷ್ಯ ಸರ್ಚು ರೂಮಿನಲ್ಲಿ ಒಂದು ಸಲ ನಿಂತು, ಮನೆಗೆ ಬಂದು ತನ್ನ ಮುಂದೆ ಇನ್ನೊಂದು ಸಲ ನಿಲ್ಲುತ್ತಿದ್ದ, ದಿನಾ. ಮಗಳು ನಗಲಿ ಎಂದು. ಅವಳು ನಕ್ಕಿದ್ದಳು, ತಡ ಮಾಡಿದ್ದಳು, ದೊಡ್ಡವಳಾಗಿ ಅದನ್ನೇ ತಂದು ಬಿಸ್ಕತ್ತಿನ ಮೇಜಿನ ಮೇಲೆ ಇಟ್ಟಿದ್ದಳು. ಬೇರೆ ಯಾವ ಮಾತಾದರೂ ಆಗಬಹುದಾಗಿದ್ದರೆ, ತಪ್ಪಾಯ್ತಪ್ಪ ಎನ್ನಬಹುದಾಗಿದ್ದರೆ, ಕಾಲಿಗೆ ಬೀಳಬಹುದಾಗಿದ್ದರೆ. ಆಗುವುದಿಲ್ಲ. ಆ ಕೈಗಳನ್ನು ಇಳಿಸುವ ಮಾತು ಒಂದೇ, ಅದನ್ನು ಅವಳೇ ಹೇಳಬೇಕು.

‘ಓಗು’ ಎಂದಳು.

ಅಪ್ಪ ಕೈ ಇಳಿಸಿದ. ಅಂಗಿಯನ್ನು ಕೆಳಗೆಳೆದು ಗೆರೆ ಸರಿಮಾಡಿಕೊಂಡ. ಅಷ್ಟರಲ್ಲಿ ಮೂರನೇ ಕೋಣೆಯ ಒಳಗಿನಿಂದ, ಹೊರಗೆ ಏನಾಯಿತೆಂದು ತಿಳಿಯದ ಯಾರೋ ಮಗುವಿನ ಫೋನಿನಲ್ಲಿ ಸಂಗೀತ ಮೊಳಗಿತು. ಅಪ್ಪ ಆ ಕಡೆಗೆ ಕತ್ತು ತಿರುಗಿಸಿದ, ಆಮೇಲೆ ಮಗಳ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿದ.

‘ನನ್ ತಾವ ಇನ್ನೂ ಸಿಗ್ತಾ ಐತಾ ಕಣ್ಣು?’ ಎಂದು ಕೇಳಿದ.